ನಲವತ್ತಮೂರರ ನಂತರ ನಲವತ್ತಾರು

ಗುರುವಾರ, ಎರಡೂವರೆಯ ತರಗತಿ.
ಸಂಶೋಧನಾ ವಿಧಾನ, ಹತ್ತನೆಯ ವಾರ.
ಬೋರ್ಡಿನ ಮೂಲೆಯಲ್ಲಿ ಸೀಮೆಸುಣ್ಣ:
'ಚರ್ಚೆ ನಡೆಸುವವರು: ಶಾಹಿದಾ.'
ವಸುಪಾಲ ಸರ್ ಹಿಂದಿನ ಬೆಂಚಿಗೆ ಹೋಗಿ
ನಮ್ಮ ಹಾಗೇ ಮೊಣಕೈ ಊರಿ ಕೂತರು.
ಅವರ ಖಾಲಿ ಕುರ್ಚಿಯಲ್ಲಿ ಕೂರುವುದೋ ಬೇಡವೋ ತಿಳಿಯದೆ
ನಾನು ನಿಂತೇ ಶುರು ಮಾಡಿದೆ.

ಶಂಕರಘಟ್ಟದ ಗೇಟಿನೆದುರು ಜೆರಾಕ್ಸ್ ಅಂಗಡಿಯಲ್ಲಿ
ಹನ್ನೊಂದು ಪ್ರತಿ ತೆಗೆಸಿದ್ದು ನಾನೇ,
ಪಿನ್ನು ಹೊಡೆದದ್ದೂ ನಾನೇ.
ಎರಡು ರಾತ್ರಿ ಓದಿ, ಹಸಿರು ಪೆನ್ನಿನಲ್ಲಿ ಗೆರೆ ಎಳೆದು
ಏಳು ಪ್ರಶ್ನೆ ಬರೆದಿಟ್ಟುಕೊಂಡಿದ್ದೆ.
ಸಂತೆಯಲ್ಲಿ ಸೊಪ್ಪು ಮಾರುವ ನೂರು ಹೆಂಗಸರನ್ನು
ಯಾರೋ ಒಬ್ಬರು, ಎಂದೋ, ಕೇಳಿಕೊಂಡು ಹೋದ ಅಧ್ಯಯನ:
ದುಡ್ಡು ಯಾರ ಕೈಯಲ್ಲಿರುತ್ತದೆ, ಲೆಕ್ಕ ಯಾರು ಇಡುತ್ತಾರೆ.

ಇನ್ನೊಂದು ಕೆಲಸವೂ ಚರ್ಚೆ ನಡೆಸುವವರದೇ:
ಮಾತಾಡಿದವರ ಹೆಸರಿನ ಮುಂದೆ ಗುರುತು ಹಾಕುವುದು.
ಹತ್ತು ಅಂಕ ಅದಕ್ಕೆ.
ರೇಣುಕಪ್ರಸಾದನ ಸಾಲು ಒಂಬತ್ತು ವಾರವೂ ತುಂಬಿ
ಅಂಚು ದಾಟಿ ಹೊರಗೆ ಚೆಲ್ಲಿತ್ತು.
ಸೊರಬದ ಗುತ್ಯಪ್ಪನದು
ಅಡ್ಡಗೆರೆ, ಅಡ್ಡಗೆರೆ, ಅಡ್ಡಗೆರೆ,
ಒಂದು ವಾರ ಗೈರು, ಮತ್ತೆ ಅಡ್ಡಗೆರೆ.

ಮೊದಲ ಪ್ರಶ್ನೆಗೆ ಫ್ಯಾನು ಮಾತ್ರ ಮಾತಾಡಿತು.
ಎರಡನೆಯದಕ್ಕೆ ರೇಣುಕಪ್ರಸಾದ
'ಮಾದರಿ ಆಯ್ಕೆಯಲ್ಲೇ ದೋಷವಿದೆ' ಅಂದ.
ಎಲ್ಲ ವಾರವೂ, ಎಲ್ಲ ಪುಸ್ತಕಕ್ಕೂ ಅವನು ಅನ್ನುವುದು ಅದನ್ನೇ.
ಡಯಾನಾ ಒಪ್ಪಲಿಲ್ಲ. ಚೂಡಾಮಣಿ ಇಬ್ಬರನ್ನೂ ಒಪ್ಪಿದಳು.
ನನಗೆ ಧೈರ್ಯ ಬಂತು. ಕುರ್ಚಿಯ ತುದಿಯಲ್ಲಿ ಕೂತೆ.
'ವಾದ ಎಲ್ಲೂ ಹೆಜ್ಜೆ ತಪ್ಪುವುದಿಲ್ಲ' ಎಂದೆ.
ಎಲ್ಲರೂ ತಲೆಯಾಡಿಸಿದರು.
ಅರ್ಧ ಗಂಟೆ ಹಾಗೇ ನಡೆದೆವು, ಹೆಜ್ಜೆ ತಪ್ಪದೆ.

ಆಗ ಕಿಟಕಿಯ ಪಕ್ಕದಿಂದ, ಕೆಮ್ಮಿದ ಹಾಗೆ:
'ಮೇಡಂ...' ನನ್ನನ್ನೇ ಮೇಡಂ ಅಂದು, ನಾಲಿಗೆ ಕಚ್ಚಿಕೊಂಡು,
'ಅಕ್ಕಾ, ನಲವತ್ಮೂರಾದ ಮೇಲೆ ನಲವತ್ತಾರು ಬಂದಿದೆ.'

ಹನ್ನೊಂದು ಪ್ರತಿ ಒಟ್ಟಿಗೆ ಮಗುಚಿದ ಸದ್ದು.
ನಲವತ್ತಮೂರರ ಕೊನೆಯ ಸಾಲು:
'ಹೀಗಾಗಿ ನಾವು ಕೇಳಿದವರಲ್ಲಿ ಹೆಚ್ಚಿನವರು'
ನಲವತ್ತಾರರ ಮೊದಲ ಸಾಲು:
'ಎಂಬುದು ಇದರಿಂದ ಸ್ಪಷ್ಟ.'
ಆ 'ಸ್ಪಷ್ಟ'ದ ಕೆಳಗೆ ನನ್ನ ಹಸಿರು ಗೆರೆ,
ಎರಡು ಸಲ ಎಳೆದದ್ದು.

ಭದ್ರಾವತಿಯ ಪೇಪರ್ ಮಿಲ್ಲಿನಲ್ಲಿ, ಅದು ಮುಚ್ಚುವವರೆಗೆ,
ಹಾಳೆ ಎಣಿಸಿದವರು ನನ್ನ ಅಬ್ಬಾ.
ಕಟ್ಟಿನ ಅಂಚಿಗೆ ಹೆಬ್ಬೆರಳು ಸವರಿ
'ಒಂದು ಕಮ್ಮಿ ಇದೆ ನೋಡು' ಅನ್ನುತ್ತಿದ್ದರು.
ಅವರ ಮಗಳು ನಾನು.
ಕಿವಿ ಸುಟ್ಟ ಹಾಗಾಯಿತು.

ಸರ್ ಪಕ್ಕದ ಚೀಲದಲ್ಲಿ ಮೂಲ ಪುಸ್ತಕದ ಬೆನ್ನು ಕಾಣುತ್ತಿತ್ತು.
ಚೀಲವನ್ನು ಕಾಲಿನಿಂದ ಬೆಂಚಿನಡಿಗೆ ತಳ್ಳಿ
'ನಡೆಸಮ್ಮಾ' ಅಂದರು.

'ಹೆಚ್ಚಿನವರು... ಏನು?' ಅಂದೆ.
ಬರೆದಿಟ್ಟಿರದ ಎಂಟನೆಯ ಪ್ರಶ್ನೆ.
ಸುಳ್ಳು ಹೇಳಿದರು, ಅಂದಳು ಡಯಾನಾ.
ನಕ್ಕುಬಿಟ್ಟರು, ಅಂದಳು ಚೂಡಾಮಣಿ.
ರೇಣುಕಪ್ರಸಾದ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ.
'ನಮ್ಮವ್ವ ಸೊಪ್ಪು ಮಾರ್ತಾಳೆ' ಅಂದ ಗುತ್ಯಪ್ಪ, ಮೇಜಿಗೆ ಹೇಳಿದ ಹಾಗೆ.
'ಬೋಣಿ ಆಗೋಕೆ ಮುಂಚೆ ಏನು ಕೇಳಿದ್ರೂ
ಯಾರಿಗೂ ಬಾಯಿ ಬಿಡಲ್ಲ.
ಇವರು ಎಷ್ಟು ಹೊತ್ತಿಗೆ ಹೋಗಿದ್ರು ಅಂತ ಬರ್ದಿದಾರಾ?'

ಬರೆದಿರಲಿಲ್ಲ.
ಇದ್ದ ಯಾವ ಪುಟದಲ್ಲೂ ಇರಲಿಲ್ಲ.
ಐದು ಗಂಟೆಯಾದರೂ ಯಾರೂ ಏಳಲಿಲ್ಲ.
ಗುರುತು ಹಾಕುವುದು ನನಗೆ ಮರೆತೇ ಹೋಯಿತು.

ಲೈಬ್ರರಿ ಮುಚ್ಚುವ ಮುಂಚೆ ಓಡಿ ಹೋಗಿ ನೋಡಿದೆ.
ಅಂಟಿಕೊಂಡಿದ್ದ ಹಾಳೆಯನ್ನು ಉಗುರಿನಲ್ಲಿ ಬಿಡಿಸಿದೆ.
'ಉತ್ತರ ಕೊಡಲಿಲ್ಲ' ಎಂದು ನಲವತ್ತನಾಲ್ಕು ಶುರುವಾಗಿತ್ತು.
ನಡುವೆ ಒಂದು ಕೋಷ್ಟಕ,
ನೂರರಲ್ಲಿ ಅರವತ್ತೊಂದು ಅಡ್ಡಗೆರೆ.
ನಲವತ್ತೈದರ ಕೊನೆ: 'ಇವರಿಗೆ ಲೆಕ್ಕ ಬಾರದು'

ಕೊನೆಯ ಬಸ್ಸಿಗೆ ಗುತ್ಯಪ್ಪನೂ ಕಾಯುತ್ತಿದ್ದ.
ಹೇಳೋಣವೆಂದು ಬಾಯಿ ತೆರೆದೆ.
ಅಷ್ಟರಲ್ಲಿ ಅವನೇ:
'ಅಕ್ಕಾ, ಜೆರಾಕ್ಸಿನವನು ಪೂರ್ತಿ ಪುಟದ ಲೆಕ್ಕದಲ್ಲಿ ತಗೊಂಡ್ನಾ?
ಹಾಗಾದ್ರೆ ಹನ್ನೊಂದು ರೂಪಾಯಿ ವಾಪಸ್ ಬರಬೇಕು ನಿಮಗೆ.'