ಕ್ಯಾನು

“ಎಣ್ಣಿ ಏನ್ರೀ ಬಾಯಿ? ಚೆಲ್ಲೀತು, ಕೆಳಗ ಇಡ್ರಿ,”
ಅಂದ ಕಂಡಕ್ಟರ.
ಹೂಂ ಅಂದೆ.
ಶೇಂಗಾ ಎಣ್ಣಿ ಕ್ಯಾನೇ ಅದು, ಮ್ಯಾಲಿನ ಚೀಟಿ ಇನ್ನೂ ಹರಿದಿಲ್ಲ.
ಒಳಗಿರೋದು ನನ್ನ ಒಂದು ದಿನ,
ನಿನ್ನಿ ಮುಂಜಾನಿ ಆರರಿಂದ ಇವತ್ತಿನ ಆರರ ತನಕ
ಹನಿ ಬಿಡದ ಹಿಡಿದದ್ದು.

ಸೋಲಾಪುರದಾಗ ನಮ್ಮ ಚಾಳಿನ ಎಂಟು ಮನಿಗೆ
ಒಂದ ಪಾಯಖಾನಿ.
ಸೆರಗಿನಾಗ ಡಬ್ಬಿ ಒಯ್ದು, ಸೆರಗಿನಾಗ ತಂದು,
ಕ್ಯಾನಿಗೆ ಸುರುವಿ
ಬೀಡಿ ಎಲಿ ಚೀಲದ ಹಿಂದ ಸರಿಸಿಡೋದು.
ಬಚ್ಚಿಡೋದೇನು ಹೊಸದಲ್ಲ ನನಗ.
ಹದಿನಾಲ್ಕು ವರ್ಷದಿಂದ ಜರ್ದಾ ಡಬ್ಬಿಯೊಳಗ ಗುಳಿಗಿ,
ರಾತ್ರಿ ಒಂಬತ್ತಕ್ಕ, ದೀಪ ಆರಿಸಿದ ಮ್ಯಾಲ.
ಎಲ್ಲಿಂದ ಬಂತು ಜಡ್ಡು ಅಂತ ಮಾತ್ರ ಕೇಳಬ್ಯಾಡ್ರಿ.

ಬದುಕಿದೆ.
ಮಗಳ ಲಗ್ನ ಮಾಡಿದೆ. ದಿನಕ್ಕ ಸಾವಿರ ಬೀಡಿ ಕಟ್ಟಿದೆ.
ಮಣಿಕಟ್ಟು ಸೆಳೆತಂದ್ರ ಕಿರಾಣಿ ಅಂಗಡಿ ಗುಳಿಗಿ ಎರಡು,
ಒಮ್ಮೊಮ್ಮೆ ಮೂರು.

ದೇಶಮಾನೆ ಡಾಕ್ಟರಬಾಯಿ ಕಾಗದ ನೋಡಿ ಸುಮ್ಮನಾದರು.
ಆಮ್ಯಾಲ ಆ ಅಂಗಡಿ ಗುಳಿಗಿಗೆ ಮರಾಠಿಯೊಳಗ ಬೈದರು.
“ನಿನ್ನ ಉಳಿಸಿದ ಗುಳಿಗೀದೂ ಇದರಾಗ ಪಾಲು ಇರಬಹುದು,
ಬದಲಿ ಮಾಡೋಣು. ಮೊದಲ ಒಂದು ದಿನದ್ದು ಹಿಡಿದು ತಾ.”
ಆರು ತಿಂಗಳ ಹಿಂದ ಒಂದು ಪಾಯಿಂಟು ನಾಲ್ಕು,
ಈಗ ಎರಡು ಪಾಯಿಂಟು ಮೂರು.
ಸಾವಿರ ಎಣಿಸೋ ಬೆರಳಿಗೆ
ಇದೇನು ದೊಡ್ಡ ಲೆಕ್ಕ ಅಂತ ಅನಿಸಿತ್ತು.

ಮೊನ್ನಿ ನಳದ ಹತ್ರ ಲಚಮಕ್ಕ ಕೇಳಿದಳು,
“ಏನಾಗ್ಯದ ನಿನಗ, ಮಾರಿ ಬಾತದಲ್ಲ?”
ಕಿಡ್ನಿ, ಅಂದೆ.
ಕೊಡದ ಸಪ್ಪಳದ ಮ್ಯಾಲ ಕೇಳೋಹಂಗ
ಇನ್ನೊಮ್ಮೆ ಅಂದೆ.
ಹದಿನಾಲ್ಕು ವರ್ಷದಾಗ ಮೊದಲನೇ ಸಲ
ಬಾಯಿಬಿಟ್ಟು ಹೇಳೋವಂಥ ಬ್ಯಾನಿ ಬಂದಿತ್ತು ನನಗ.

ಸಂಜೀಗೆ ಚಾಳ ತುಂಬ ಸುದ್ದಿ.
ಒಬ್ಬಾಕಿ ಬಾಳಿದಿಂಡು ತಂದಳು, ಒಬ್ಬಾಕಿ ತನ್ನ ಭಾವನ ಕತಿ.
ನಾನು ಕುಡಿಯೋ ಗಂಜಿ
ನನ್ನ ಲೋಟದಿಂದಲೇ ಒಂದು ಗುಟುಕು ನೋಡಿ
ಲಚಮಕ್ಕ ಅಂದಳು,
“ಉಪ್ಪು ಹಾಕಿಲ್ಲ, ಚೊಲೋ ಆತು.”
ಎದಿ ಧಸಕ್ಕಂತು.
ಲೋಟದಿಂದ ಬರೂದಿಲ್ಲ ಅಂತ ಗೊತ್ತಿದ್ದದ್ದು ನನಗಷ್ಟ.

ಸಿವಿಲ್ ಆಸ್ಪತ್ರಿ ಬಂತು.
ಕಂಡಕ್ಟರ ತಾನೇ ಕ್ಯಾನು ಎತ್ತಿ ಕೊಟ್ಟ.
“ಭಾರ ಅದ, ಸಂಭಾಳಿಸ್ರಿ.”
ಇಳಿದು, ಗಿಡದ ನೆರಳಿಗೆ ನಿಂತು
ಬುಚ್ಚ ಇನ್ನೊಮ್ಮೆ ತಿರುವಿ ನೋಡಿದೆ.
ಗಟ್ಟಿ ಅದ.