ನವೆಂಬರ್ ಹಾಳಿಯ ಬೆನ್ನಿಗೆ

ಕ್ಯಾಲೆಂಡರಿನ ನವೆಂಬರ್ ಹಾಳಿ ಹರಿದು ತಿರುವಿ ಹಾಕೀನಿ.
ಮುಂದಿನ ಮೈಗೆ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು;
ಬೆನ್ನಿಗೆ ನಮ್ಮ ಮನಿ:
ಬಚ್ಚಲ, ಅಡಿಗಿಮನಿ,
ಜಗದೇವಿ ಕೌದಿ ಹೊಲಿಯೋ ನಡುಮನಿ.
ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನಿ ಬಾಯ್ಲರ್ ಮುಂದ ನಿಂತವಗ
ಎರಡು ಖೋಲಿ ಕಾಸೋದು ಯಾವ ಲೆಕ್ಕ?

ಭಾಲ್ಕಿ ಥಂಡಿ ಹೊರಗಿನವರಿಗೆ ಹೇಳಿದ್ರ ನಗ್ತಾರ,
ಬಿಸಿಲೂರ ಮಂದಿ ನೀವು, ನಿಮಗ್ಯಾತರ ಚಳಿ ಅಂತ.
ಬರ್ರಿ, ಬೆಳಗಿನ ಐದಕ್ಕ
ನಮ್ಮ ಶಾಬಾದಿ ಫರಸಿ ಮ್ಯಾಲ ಬರಿಗಾಲು ಇಡ್ರಿ.
ರಾತ್ರಿ ಪೂರಾ ನೆನಪಿಟ್ಟಿರ್ತದ ಆ ಕಲ್ಲು.
ಅದರ ಮ್ಯಾಲ ಕುಂತು ಆಕಿ ಓಣಿಗೆಲ್ಲ ಕೌದಿ ಹೊಲೀತಾಳ
ಒಂದು ಮೊಣಕಾಲು ಮಡಚಿ,
ಇನ್ನೊಂದು ಮಡಚಲಾರದ.

ಹೀಂಗದ ನನ್ನ ಹಂಚಿಕಿ.
ಬಚ್ಚಲದ ತಾಮ್ರದ ಬಂಬ ಕಿತ್ತು ಹಿತ್ತಲಿಗೆ,
ನೆಲಕ್ಕಿಂತ ಮೂರು ಫೂಟು ತಗ್ಗಿಗೆ.
ಕಾದ ನೀರು ತಾನೇ ಮ್ಯಾಲೇರ್ತದ,
ಆರಿದ್ದು ತಾನೇ ಇಳಿದು ಬರ್ತದ,
ಮೋಟರ್ ಬ್ಯಾಡ, ಕರೆಂಟಿನ ಹಂಗಿಲ್ಲ,
ಮೀಟರಿಗೊಂದು ಬೆರಳು ಇಳಿಜಾರು ಸಾಕು.

'ನೀರಿಗೆ ಹುಚ್ಚು ಹಿಡಿದ್ರ ಎಲ್ಲಿಗೆ ಹೋಗ್ತದ?'
ದಾರ ಹಲ್ಲಿಲೆ ಕಡಿದು ಕೇಳಿದಳು.
ಇನ್ಸ್‌ಪೆಕ್ಟರ್ ಸುದ್ದಾ ಮೊದಲು ಇದನ್ನೇ ಕೇಳ್ತಿದ್ದ.
ಮಾಳಗಿ ಮ್ಯಾಲ ಬಾಯಿ ತೆರೆದ ಒಂದು ಡಬ್ಬಿ ಬರೆದು ತೋರಿಸಿದೆ:
ಇಲ್ಲಿ ಉಸಿರು ಬಿಡ್ತದ.
ಆಕಿ ನೋಡಿದ್ದು ಡಬ್ಬಿ ಅಲ್ಲ.
'ಊರಿಗೆಲ್ಲ ನಾ ಕೌದಿ ಹೊಲಿದ್ರ
ನೀ ಮನಿಗೇ ಹೊಲೀಲಕ್ಕ ಹೊಂಟಿ.'

ತೊಗರಿ ಕಟ್ಟಿಗಿ ಭರ್ ಅಂತ ಹತ್ತಿ ಭರ್ ಅಂತ ಮುಗೀತದ,
ಚಹಾದಂಗಡಿ ಮಾತಿನ ಹಂಗ.
ಜಾಲಿ ಕೊರಡು ತಡಾಗಿ ಹತ್ತಿ
ನಸುಕಿನ ತನಕ ಕೆಂಡ ಹಿಡೀತದ.
ಎರಡೂ ಬೇಕು ಅಂತ ಅಂಚಿಗೆ ಬರಕೊಂಡೀನಿ.

ಕೆಂಪುಕಲ್ಲು ಅಗಿಯೋದ್ರಾಗ ಹಾರಿ ಬಗ್ಗಿತು.
ವೆಲ್ಡಿಂಗ್ ಸಂಗ್ರಾಮ ಪೈಪಿನ ಉದ್ದ ಅಳೆದು, ತಲಿ ತುರಿಸಿ,
'ಕಾಕಾ, ಇಳಿಜಾರು ಸಿಗಬೇಕಂದ್ರ
ನಡುವಿನ ಗ್ವಾಡಿ ಹಿಡಿದೇ ಬರಬೇಕು' ಅಂದ.
ನಡುವಿನ ಗ್ವಾಡಿ ಅರ್ಧ ನಮ್ಮದು,
ಅರ್ಧ ಹಫೀಜಾಬೀದು.

ಕೇಳಲಿಕ್ಕೆ ಹೋದೆ.
ಮೆಂತ್ಯ ಸೋಸ್ಕೋತ ಕುಂತಿದ್ದಳು, ತಲಿ ಎತ್ತಲಿಲ್ಲ.
'ತಗೋ ಭಾಯಿ, ಗ್ವಾಡಿ ಏನು ತಿಂತದ?
ನೀರು ಸೋರಿದ್ರ ಮಾತ್ರ ನಾ ಸುಮ್ಮನಿರಂಗಿಲ್ಲ.'

ಮೊದಲನೇ ಸಲ ಹಚ್ಚಿದ ರಾತ್ರಿ
ಬಂಬ ಗುಂಯ್‌ಗುಟ್ಟಿತು. ಹಿತ್ತಲೆಲ್ಲ ಹೊಗಿ.
ನಾನು ಪೈಪಿಗೆ ಅಂಗೈ ಹಚ್ಚಿ
ಮನಿ ತುಂಬ ಅದರ ಬೆನ್ನಿಗೇ ನಡದೆ.
ನಡುವಿನ ಗ್ವಾಡಿತನಕ ಬಿಸಿ,
ಆಮ್ಯಾಲ ಉಗುರು ಬೆಚ್ಚಗ,
ಜಗದೇವಿ ಫರಸಿ ಕೆಳಗ ಬರೋದ್ರಾಗ ಕಲ್ಲು, ಬರೇ ಕಲ್ಲು.
ಒಳಗ ಗಾಳಿ ಸಿಕ್ಕೊಂಡಿತ್ತು.
ಟಕ್. ಟಕ್ ಟಕ್. ಪೈಪು ಬಡೀಲಕ್ಕ ಶುರು ಮಾಡ್ತು.

ಆ ಕಡಿಂದ ಟಕ್ ಟಕ್ ಅಂತ ಉತ್ತರ ಬಂತು.
ಲಟ್ಟಣಿಗಿ ಇರಬೇಕು.
'ಯಾಕ ಕರೀಲತ್ತೀರಿ? ಏನಾಗ್ಯಾದ?'
'ಏನಿಲ್ಲ, ಪೈಪು ಮಾತಾಡ್ಲತ್ತದ' ಅಂದೆ.
ಗಳಿಗಿ ಬಿಟ್ಟು, ಗ್ವಾಡಿ ಸನೇಕ ಬಂದು:
'ಇಲ್ಲಿ ಛಲೋ ಬೆಚ್ಚಗದ. ಬೆನ್ನು ಹಚ್ಚಿ ಕುಂತೀನಿ.'

ಜಗದೇವಿ ನನ್ನ ಮಾರಿ ನೋಡಿದಳು,
ತನ್ನ ಫರಸಿ ನೋಡಿದಳು.
ನಗಿಯೋ ಸಿಟ್ಟೋ ಗೊತ್ತಾಗಲಿಲ್ಲ.
ಸೂಜಿ ಡಬ್ಬಿ ಎತ್ತಿಕೊಂಡು, ಗ್ವಾಡಿ ಈ ಕಡಿ
ಬೆನ್ನು ಹಚ್ಚಿ ಕುಂತಳು,
ಮಡಚಲಾರದ ಕಾಲು ನೀಡಿ.
ಇಬ್ಬರೂ ನಡುವಿನ ಕಲ್ಲಿನ ಮೂಲಕ
ಉಳ್ಳಾಗಡ್ಡಿ ರೇಟು ಮಾತಾಡಿದ್ರು ಹತ್ತೂವರಿ ತನಕ.

ಗಾಳಿ ಬಿಡಲಿಕ್ಕೆ ಮೂಲ್ಯಾಗ ಒಂದು ನಲ್ಲಿ ಬೇಕು.
ಫರಸಿ ಕೆಳಗಿನ ಸುತ್ತು ಮತ್ತ ಬರೀಬೇಕು.
ಡಿಸೆಂಬರ್ ಹಾಳಿಗೆ ಕೈ ಹಾಕಿದ್ರ
'ಹರೀಬ್ಯಾಡ, ಹಾಲಿನ ಲೆಕ್ಕ ಇನ್ನೂ ಮುಗಿದಿಲ್ಲ' ಅಂತಾಳ.
ಎತ್ತಿ ಹಿಡಿದು, ಮೊಳಿಗೆ ತೂಗಾಡೋ ಹಾಳಿ ಬೆನ್ನಿಗೇ
ಬರೀಲತ್ತೀನಿ, ತಲಿ ವಾರಿ ಮಾಡಿ.