ಒಂದೂವರಿ ಮನಿ

ಶಹಾಬಾದದ ಬಿಸಲಿಗೆ ಎರಡು ದಿಕ್ಕು:
ಮ್ಯಾಲಿಂದ ಬೀಳತದ,
ಫರಸಿಕಲ್ಲಿನಿಂದ ಏಳತದ.
ಖಣಿಯೊಳಗ ನೆರಳಂದ್ರ
ಹೆಂಗಸರ ಸೆರಗಿನ ಕೆಳಗ ಒಂದು ಗೇಣು, ಅಷ್ಟೇ.

ಕಾರ್ಮಿಕರ ಕಾರ್ಡಿಗೆ ಫೋಟೋ ಬೇಕಂತ
ಅವತ್ತು ನಲವತ್ತೇಳು ಮಂದಿ ಸಾಲು ನಿಂತಿದ್ದರು.
ಗುತ್ತೇದಾರ ಕರಸಿದ್ದು ಭೀಮಾಶಂಕರನ್ನ,
ನನ್ನನ್ನಲ್ಲ.
ನಾ ಹೋಗಿದ್ದು ಅವನ ಗಾಡಿ ಹಿಂದ ಕೂತು
ಪಟ್ಟಿಯೊಳಗ ಹೆಸರು ಬರೀಲಿಕ್ಕ.
"ಹಸರು ಚೌಕದಾಗ ಇಟ್ಟ್ರ ಸಾಕಕ್ಕಾ,
ಅದಕ್ಕ ಎಲ್ಲಾ ಗೊತ್ತದ" ಅಂದ ದಾರಿಯೊಳಗ.
ಆರು ಮಂದಿಗೆ ಗೊತ್ತಿತ್ತು ಖರೆ.
ಅವರು ಗಿಡದ ಬುಡಕ ನಿಂತಿದ್ದರು.

ಏಳನೇದಾಕಿ ಮಲ್ಕಮ್ಮ.
ಬೆನ್ನ ಹಿಂದ ಆಗಷ್ಟೇ ಒಡದ ಕಲ್ಲು,
ಹಾಲಿನಂಗ ಬೆಳ್ಳಗ.
ಕ್ಲಿಕ್.
ಕಲ್ಲು ಬೂದಿಯಾಗಿತ್ತು.
ಮಲ್ಕಮ್ಮ ಇದ್ದಲ್ಲಿ
ಸೀರಿ ಉಟ್ಟ ಕತ್ತಲು.
ಮತ್ತೊಮ್ಮೆ. ಮತ್ತೊಮ್ಮೆ.
"ಮಷೀನು ಬರೋಬ್ಬರಿ ಅದ, ಈಕಿನೇ ಕರ್ರಗ ಅದಾಳ"
ಅಂದ ಭೀಮಾಶಂಕರ. ಕೆಟ್ಟ ಹುಡುಗ ಅಲ್ಲ.
ಆಕಿ ಸೆರಗು ತಗೊಂಡು ಮುಖ ಒರಸಿಕೊಂಡಳು,
ತಪ್ಪು ಅಲ್ಲೇ ಅಂಟಿಕೊಂಡಂಗ.

ಸ್ಟೇಷನ್ ರೋಡಿನ ರೋಶನ್ ಸ್ಟುಡಿಯೋದಾಗ
ಚಾಂದಪಾಶಾ ಉಸ್ತಾದರು ಮೂರು ತಿಂಗಳು
ನನಗ ಕ್ಯಾಮೆರಾ ಮುಟ್ಟಿಸಿರಲಿಲ್ಲ.
ಬಾಗಿಲಿಗೆ ಬಂದ ಕೂಡಲೆ ಒಂದೇ ಪ್ರಶ್ನಿ:
"ಇವತ್ತ ಬೆಳಕು ಎಷ್ಟದ?"
ನಾ ಮುಂಗೈ ಬಿಸಲಿಗೆ ಹಿಡದು
ಬಾಯಿಗೆ ಬಂದ ಅಂಕಿ ಹೇಳತಿದ್ದೆ.
ಅವರು ಚಾದಾಗ ಖಾರಿ ಅದ್ದಕೋತ
"ತಪ್ಪು" ಅನ್ನತಿದ್ದರು, ಪ್ರೀತಿಯಿಂದ.

"ಕ್ಯಾಮೆರಾ ಅಂಜಬುರುಕಿ, ಬೇಟಿ.
ಜಗತ್ತೆಲ್ಲಾ ಬೂದಿ ಬಣ್ಣ ಅಂತ ನಂಬಿಕೊಂಡದ.
ಬಿಳೇದು ಕಂಡ್ರ ಕಣ್ಣು ಸಣ್ಣ ಮಾಡತದ.
ಅವಾಗ ನೀ ತೆರೀಬೇಕು."
"ಎಷ್ಟು?"
"ಚೌಕಾಬಾರ ಆಡೀದಿಲ್ಲೋ? ಹಂಗ.
ಒಂದು ಮನಿ, ಎರಡು ಮನಿ.
ಫರಸಿ ಮುಂದಾದ್ರ ಒಂದೂವರಿ."
"ಆಟದಾಗ ಅರ್ಧ ಮನಿ ಇರಂಗಿಲ್ಲಲ್ರಿ."
"ಬೆಳಕಿನಾಗ ಇರತದ."

ಅಷ್ಟು ಕೇಳಿಯೂ ಒಂದು ನಿಕಾಹದ ರೀಲು
ಪೂರಾ ಸುಟ್ಟೆ.
ಆ ಮನಿಯವರ ಮುಂದ ಉಸ್ತಾದರು
ನನ್ನ ಹೆಸರು ಹೇಳದ ನಿಂತದ್ದು,
ಅಂಗಳದಾಗ, ಟೊಪ್ಪಿಗಿ ಕೈಯಾಗ ಹಿಡದು,
ಅದು ನನ್ನ ಕಡಿ ಪಾಠ.

"ಕೊಡಿಲ್ಲಿ" ಅಂದೆ.
ಕ್ಯಾಮೆರಾದ ನೆತ್ತಿ ಮ್ಯಾಲಿನ ಗಾಲಿ ತಿರುವಿದೆ,
ಹಸರು ಚೌಕ ಬಿಟ್ಟು, ಓಡೋ ಮನಷ್ಯಾನ ಚಿತ್ರ ಬಿಟ್ಟು,
ಭೀಮಾಶಂಕರ ಎಂದೂ ಕಾಲಿಡದ ಓಣಿಗೆ.
ಮುಂಗೈ ಬಿಸಲಿಗೆ ಹಿಡದೆ.
ಹಳೇ ರಿಂಗಿನ ಟಕ್ ಟಕ್ ಇಲ್ಲಿ ಇರಲಿಲ್ಲ,
ಬೆರಳಿನಾಗ ಇತ್ತು.
ಒಂದು ಮನಿ.
"ಬ್ಯಾಗ ಮಾಡ್ರಿ, ಇನ್ನಾ ನಲವತ್ತು ಮಂದಿ!"
ಅರ್ಧ ಮನಿ.

ಅಷ್ಟರಾಗ ಗಾಳಿ ಬಂದು
ಗುತ್ತೇದಾರನ ಛತ್ರಿ ಉಲ್ಟಾ ಹೊಡೀತು.
ಅವ ಅದರ ಹಿಂದ ಓಡಿದ, ಧೋತರದ ಚುಂಗು ಹಿಡಕೊಂಡು,
ಮಲ್ಕಮ್ಮ ನಕ್ಕಳು.
ಖಣಿ ಪೂರಾ ಕೇಳಂಗ ನಕ್ಕಳು.
ನಾ ಇನ್ನೂ ಅರ್ಧ ಮನಿಯೊಳಗ ಇದ್ದೆ.
ನನ್ನ ಬೆನ್ನ ಹಿಂದ ಭೀಮಾಶಂಕರನ ಫೋನು
ಮಿಣಕ್ ಅಂತು.

ಆಮ್ಯಾಲ ನಂದೂ ಆಯಿತು.
ಕಲ್ಲು ಬೆಳ್ಳಗ, ಮುಖ ಮುಖದ ಬಣ್ಣ.
ಗದ್ದದ ಹಚ್ಚಿಯ ಮೂರು ಹಸರು ಚುಕ್ಕಿ,
ಹುಬ್ಬಿನ ಮ್ಯಾಲ ಚೂರು ಸಿಡದ ಗುರುತು.
ಎಲ್ಲಾ ಬಂದಿತ್ತು.
ನಗು ಮುಗದಿತ್ತು.

ಆಕಿ ಎರಡೂ ನೋಡಿದಳು, ಭಾಳ ಹೊತ್ತು.
ನಂದರ ಮ್ಯಾಲ ಬೆರಳಿಟ್ಟು
"ಇದು ಸರ್ಕಾರಕ್ಕ ಕೊಡ್ರಿ" ಅಂದಳು.
"ನಾ ಹಿಂಗ ಇದೀನಂತ ತಿಳೀಲಿ."
ಫೋನಿನಾಗಿಂದು ವಾರಿ ಆಗಿತ್ತು.
ಕತ್ತಲ ತುಂಬ ಹಲ್ಲು,
ಮೂಲ್ಯಾಗ ಅರ್ಧ ಛತ್ರಿ.
"ಇದು ನನಗ."

ಸಂಜಿಗೆ ಕಾಗಿಣಾ ಸೇತುವೆ ಮ್ಯಾಲ
ಭೀಮಾಶಂಕರ ಗಾಡಿ ನಿಲ್ಲಿಸಿದ.
"ಆ ಓಣಿ ಇನ್ನೊಮ್ಮೆ ತೋರಸ್ರಿ ಅಕ್ಕಾ."
"ಮದಲ ಹೇಳು, ಈಗ ಬೆಳಕು ಎಷ್ಟದ?"
ಅವ ನೋಡಲಿಕ್ಕ ಫೋನು ತೆಗದ.
ಅದರಾಗ ಮಲ್ಕಮ್ಮ ಇನ್ನೂ ನಗಲತ್ತಿದ್ದಳು.
ಹೊಳಿ ನೀರು ಕೆಂಪಗಾಗಿ, ಕರ್ರಗಾಗಿ.
ಎಷ್ಟಿತ್ತು ಅಂತ
ನನಗೂ ಹೇಳಲಿಕ್ಕ ಬರಲಿಲ್ಲ.